ಅಡಿಟಿಪ್ಪಣಿಯಿಲ್ಲದ ಸಂಪಾದನೆ

ಪ್ರಾಚೀನ ಗ್ರೀಸ್ ಎಂದೊಡನೆ ನಮ್ಮೆಲ್ಲರ ಕಣ್ಣೆದುರು ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಬೋಳು ಬಂಡೆಯ ಗುಡ್ಡ, ಅದರ ನೆತ್ತಿಯ ಮೇಲೆ ಮಾಡಿಲ್ಲದ ಪಾರ್ಥೆನಾನ್, ಬಿಳಿಯ ಕಂಬಗಳು, ಹಿಂದೆ ನೀಲಿ ಆಕಾಶ. ಸುತ್ತ ಮನೆಯಿಲ್ಲ, ಮರವಿಲ್ಲ, ಮನುಷ್ಯರಿಲ್ಲ. ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ಕಂಡ ಈ ಚಿತ್ರವೇ ಮುಂದೆ ನಾವು ಸಾಹಿತ್ಯ ಓದುವಾಗಲೂ ಜೊತೆಗೆ ಬರುತ್ತದೆ. 'ಕ್ಲಾಸಿಕಲ್' ಎಂಬ ಪದವನ್ನು 'ಅಭಿಜಾತ' ಎಂದು ಕನ್ನಡಿಸಿಕೊಂಡ ಮೇಲೂ ಆ ಪದದೊಳಗೆ ಕೂತಿರುವುದು ಇದೇ ಚಿತ್ರ. ಬೆರಕೆಯಿಲ್ಲದ್ದು, ಮೊದಲಿನದು, ಕಾಲ ಕಳೆದರೂ ಕೆಡದಿರುವುದು ಎಂಬ ಭಾವ ಅದರಿಂದಲೇ ಹುಟ್ಟಿದೆ.

ಆದರೆ ಈ ಚಿತ್ರ ಕ್ರಿ.ಪೂ. 5ನೇ ಶತಮಾನದ್ದಲ್ಲ, 19ನೇ ಶತಮಾನದ್ದು. ಗ್ರೀಕ್ ಕಟ್ಟಡಗಳನ್ನು ಅಧ್ಯಯನ ಮಾಡಿದವರು ಅವನ್ನು ಓದುತ್ತ ಓದುತ್ತಲೇ ತಿದ್ದಿದರು. ತಿದ್ದಿದ ಪ್ರತಿಯನ್ನೇ ಮೂಲವೆಂದು ತಿಳಿದು ಜಗತ್ತು ನಕಲು ಮಾಡಿಕೊಂಡಿತು. ನನ್ನ ಸಂಶೋಧನೆ ಕನ್ನಡ ಹಸ್ತಪ್ರತಿಗಳ ಮುದ್ರಿತ ಆವೃತ್ತಿಗಳ ಬಗೆಗಿನದು. ಹಾಗಾಗಿ ಆಕ್ರೊಪೊಲಿಸ್‌ನ ಕಥೆಯನ್ನು ನಾನು ವಾಸ್ತುಶಿಲ್ಪದ ಕಥೆಯಾಗಿ ಓದುವುದಕ್ಕಿಂತ ಗ್ರಂಥಸಂಪಾದನೆಯ ಕಥೆಯಾಗಿಯೇ ಓದುತ್ತೇನೆ. ಹಾಗೆ ಓದಿದಾಗ ಅದು ನಮಗೂ ಸಂಬಂಧಪಟ್ಟ ಒಂದು ಪ್ರಶ್ನೆಯನ್ನು ಎತ್ತುತ್ತದೆ.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಸಂಪಾದಕನ ಕೆಲಸ ಏನೆಂದು ಗೊತ್ತಿರುತ್ತದೆ. ಸಿಕ್ಕ ಪ್ರತಿಗಳನ್ನೆಲ್ಲ ಕೂಡಿಸಬೇಕು, ಹೋಲಿಸಬೇಕು, ಲಿಪಿಕಾರರ ತಪ್ಪುಗಳನ್ನೂ ಆಮೇಲೆ ಸೇರಿದ ಪ್ರಕ್ಷಿಪ್ತ ಭಾಗಗಳನ್ನೂ ಗುರುತಿಸಬೇಕು, ಕವಿಯ ಪಾಠಕ್ಕೆ ಆದಷ್ಟೂ ಹತ್ತಿರ ಹೋಗಬೇಕು. ಇದರ ಜೊತೆಗೆ ಇನ್ನೊಂದು ಕರ್ತವ್ಯವಿದೆ. ಬಿಟ್ಟ ಪಾಠವನ್ನು ಪುಟದ ಅಡಿಯಲ್ಲಿ ಕೊಡಬೇಕು. ಸಂಪಾದಕ ಎಡವಿದ್ದರೆ ನಾಳೆಯ ಓದುಗ ಆ ಅಡಿಟಿಪ್ಪಣಿಯಿಂದಲೇ ಸರಿಪಾಠವನ್ನು ಎತ್ತಿಕೊಳ್ಳಬಹುದು. ಪಾಠಾಂತರ ಎನ್ನುವುದು ಸಂಪಾದಕ ತನ್ನ ಅಧಿಕಾರಕ್ಕೆ ತಾನೇ ಹಾಕಿಕೊಂಡ ಮಿತಿ.

ಈಗ ಪಾರ್ಥೆನಾನ್ ಎಂಬ ಪಠ್ಯವನ್ನು ನೋಡೋಣ. ಕ್ರಿ.ಪೂ. 447ರಲ್ಲಿ ಕೆಲಸ ಮೊದಲಾಗಿ 432ರ ಹೊತ್ತಿಗೆ ಮುಗಿದ ಈ ಗುಡಿಯ ವಾಸ್ತುಶಿಲ್ಪಿಗಳು ಇಕ್ಟಿನಸ್ ಮತ್ತು ಕ್ಯಾಲಿಕ್ರಟೀಸ್. ಶಿಲ್ಪದ ಮೇಲ್ವಿಚಾರಣೆ ಫಿಡಿಯಾಸನದು. ಇಕ್ಟಿನಸ್ ಈ ಕಟ್ಟಡದ ಬಗ್ಗೆ ಒಂದು ಪುಸ್ತಕವನ್ನೂ ಬರೆದಿದ್ದನೆಂದು ರೋಮನ್ ವಾಸ್ತುಶಾಸ್ತ್ರಜ್ಞ ವಿಟ್ರುವಿಯಸ್ ಹೇಳುತ್ತಾನೆ. ಆ ಪುಸ್ತಕ ಉಳಿದಿಲ್ಲ. ಕವಿಯ ಸ್ವಹಸ್ತ ಪ್ರತಿ ಕಳೆದುಹೋಗಿದೆ ಎನ್ನಬಹುದು.

ಅಲ್ಲಿಂದ ಮುಂದೆ ಕೈಗಳು ಬದಲಾಗುತ್ತ ಹೋದವು. ಕ್ರಿ.ಶ. 5-6ನೇ ಶತಮಾನದ ಹೊತ್ತಿಗೆ ಅಥೀನಾ ದೇವಿಯ ಗುಡಿ ಮೇರಿಮಾತೆಯ ಇಗರ್ಜಿಯಾಯಿತು. ಮೊದಲು ಪೂರ್ವಕ್ಕಿದ್ದ ಬಾಗಿಲಿನ ಕಡೆ ಇಗರ್ಜಿಯ ಪೀಠ ಬಂತು, ಜನ ಪಶ್ಚಿಮದಿಂದ ಒಳಗೆ ಬರತೊಡಗಿದರು. 1018ರಲ್ಲಿ ಬೈಜಾಂಟಿಯಂನ ಚಕ್ರವರ್ತಿ ಎರಡನೇ ಬಾಸಿಲ್ ಯುದ್ಧ ಗೆದ್ದು ಹರಕೆ ತೀರಿಸಲು ಅಥೆನ್ಸಿಗೆ ಬಂದದ್ದು ಈ ಇಗರ್ಜಿಗೇ. ಕಂಬಗಳ ಮೇಲೆ ಭಕ್ತರೂ ಪಾದ್ರಿಗಳೂ ಕೊರೆದ ಇನ್ನೂರಕ್ಕೂ ಹೆಚ್ಚು ಬರಹಗಳು ಸಿಕ್ಕಿವೆ. ಗುಡಿಯಾಗಿ ಬದುಕಿದಷ್ಟೇ ಹೆಚ್ಚುಕಡಿಮೆ ಕಾಲ ಅದು ಇಗರ್ಜಿಯಾಗಿಯೂ ಬದುಕಿತು. 15ನೇ ಶತಮಾನದಲ್ಲಿ ತುರ್ಕರು ಬಂದ ಮೇಲೆ ಅದೇ ಕಟ್ಟಡ ಮಸೀದಿಯಾಯಿತು, ಒಂದು ಮಿನಾರು ಎದ್ದಿತು. 1687ರ ಸೆಪ್ಟೆಂಬರ್ 26ರಂದು ವೆನಿಸ್ ಸೈನ್ಯ ಹಾರಿಸಿದ ಗುಂಡು ಒಳಗೆ ಕೂಡಿಟ್ಟಿದ್ದ ಮದ್ದಿಗೆ ತಗುಲಿ ಕಟ್ಟಡದ ನಡುಭಾಗವೇ ಸಿಡಿದುಹೋಯಿತು. ಪಾಳುಬಿದ್ದ ಆ ನಡುಭಾಗದಲ್ಲಿ ಆಮೇಲೆ ಒಂದು ಪುಟ್ಟ ಮಸೀದಿ ಕಟ್ಟಿದರು. 1801ರಿಂದ ಎಲ್ಗಿನ್ ಪ್ರಭುವಿನ ಜನ ಶಿಲ್ಪಗಳನ್ನು ಬಿಚ್ಚಿ ಸಾಗಿಸಿದರು. 1816ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಉಳಿದಿರುವ ಶಿಲ್ಪಗಳಲ್ಲಿ ಸುಮಾರು ಅರ್ಧ ಇಂದಿಗೂ ಅಲ್ಲೇ ಇವೆ.

ಈ ಕಟ್ಟಡವನ್ನು ಗಂಭೀರವಾಗಿ ಅಳೆದು ಓದಲು ತೊಡಗಿದವರು ಇಂಗ್ಲೆಂಡಿನ ಜೇಮ್ಸ್ ಸ್ಟುವರ್ಟ್ ಮತ್ತು ನಿಕೊಲಾಸ್ ರೆವೆಟ್. 1751ರಲ್ಲಿ ಅಥೆನ್ಸಿಗೆ ಬಂದ ಅವರು ವರ್ಷಗಟ್ಟಲೆ ಅಳತೆಯಲ್ಲೇ ಮುಳುಗಿದರು. ಅಷ್ಟರಲ್ಲಿ ಫ್ರಾನ್ಸಿನ ಲೆ ರುವಾ ಕೆಲವೇ ತಿಂಗಳು ಅಲ್ಲಿದ್ದು ಹೋಗಿ 1758ರಲ್ಲಿ ಚೆಂದದ ಚಿತ್ರಗಳ ಪುಸ್ತಕವೊಂದನ್ನು ಪ್ರಕಟಿಸಿಬಿಟ್ಟ. ಇಂಗ್ಲಿಷರ 'ಅಥೆನ್ಸಿನ ಪ್ರಾಚೀನ ಅವಶೇಷಗಳು' ಪುಸ್ತಕದ ಮೊದಲ ಸಂಪುಟ ಬಂದದ್ದು 1762ರಲ್ಲಿ. ಅದರಲ್ಲಿ ಸ್ಟುವರ್ಟ್ ಲೆ ರುವಾನ ಅಳತೆಯ ತಪ್ಪುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಾನೆ. ನಮ್ಮಲ್ಲಿ ಇಬ್ಬರು ಸಂಪಾದಕರು ಒಂದೇ ಕಾವ್ಯದ ಪಾಠದ ಮೇಲೆ ಜಗಳವಾಡಿದ್ದನ್ನು ಓದಿದವರಿಗೆ ಆ ಪುಟಗಳ ಧಾಟಿ ಹೊಸದೆನಿಸುವುದಿಲ್ಲ.

ಆ ಪುಸ್ತಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಕ್ರಮ. ಪ್ರತಿ ಕಟ್ಟಡಕ್ಕೂ ಮೊದಲು ಒಂದು ನೋಟಚಿತ್ರವಿದೆ. ಅದರಲ್ಲಿ ಕಟ್ಟಡ ಅಂದು ಹೇಗಿತ್ತೋ ಹಾಗೆ, ಅದಕ್ಕೆ ಅಂಟಿಕೊಂಡ ಗೋಡೆ, ಮನೆ, ಓಡಾಡುವ ಜನರೊಂದಿಗೆ ಕಾಣುತ್ತದೆ. ಕ್ರಿ.ಪೂ. 334ರ ಲೈಸಿಕ್ರಟೀಸನ ಸ್ಮಾರಕ ಆಗ ಒಂದು ಕಪೂಚಿನ್ ಮಠದ ಭಾಗವಾಗಿತ್ತು. ಗಾಳಿಗೋಪುರವೆಂದು ಹೆಸರಾದ ಎಂಟು ಮೂಲೆಯ ಕಟ್ಟಡ ದರ್ವೇಶಿಗಳ ನೆಲೆಯಾಗಿತ್ತು. ನೋಟಚಿತ್ರದ ನಂತರ ಅಳತೆಯ ಫಲಕಗಳು ಬರುತ್ತವೆ. ಅಲ್ಲಿ ಮಠವೂ ಇಲ್ಲ, ಜನರೂ ಇಲ್ಲ. ಕಂಬ, ಬೋದಿಗೆ, ತೊಲೆ ಎಲ್ಲವೂ ಮುರುಕಿಲ್ಲದೆ, ಕೊಳೆಯಿಲ್ಲದೆ, ಅಡಿ ಅಂಗುಲಗಳ ಲೆಕ್ಕದೊಂದಿಗೆ ಬಿಳಿ ಕಾಗದದ ಮೇಲೆ ನಿಂತಿವೆ. ಮೊದಲ ಚಿತ್ರ ಹಸ್ತಪ್ರತಿಯಾದರೆ ಎರಡನೆಯದು ಸಂಪಾದಿತ ಪಾಠ. ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದು ಅವರ ಪ್ರಾಮಾಣಿಕತೆ.

ಹಾಗೆ ಇಟ್ಟದ್ದರ ಬೆಲೆ ಬೇಗನೆ ತಿಳಿಯಿತು. ಇಲಿಸೋಸ್ ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಅಯೋನಿಕ್ ಗುಡಿಯಿತ್ತು. 1778ರಲ್ಲಿ ಊರಿನ ಕೋಟೆಗೋಡೆಗೆ ಕಲ್ಲು ಬೇಕೆಂದು ಅದನ್ನು ಕೆಡವಿದರು. ಇಂದು ಆ ಗುಡಿಯ ರೂಪವನ್ನು ನಾವು ತಿಳಿಯುವುದು ಬಹುಮಟ್ಟಿಗೆ ಸ್ಟುವರ್ಟ್ ಮತ್ತು ರೆವೆಟ್ ಬರೆದುಕೊಂಡ ಹಾಳೆಗಳಿಂದ. ಮೂಲ ಹೋಗಿ ಪ್ರತಿ ಉಳಿಯಿತು.

ಆದರೆ ಯೂರೋಪಿನ ಓದುಗರು ಈ ಪುಸ್ತಕದಿಂದ ಎತ್ತಿಕೊಂಡದ್ದು ಎರಡನೆಯ ಬಗೆಯ ಚಿತ್ರಗಳನ್ನು ಮಾತ್ರ. ಅದಕ್ಕೆ ಬೇಕಾದ ತಾತ್ವಿಕ ಬಲ ಒದಗಿಸಿದವನು ಜರ್ಮನಿಯ ವಿಂಕೆಲ್‌ಮನ್. 1764ರಲ್ಲಿ ಅವನು ಪ್ರಕಟಿಸಿದ ಪ್ರಾಚೀನ ಕಲೆಯ ಚರಿತ್ರೆ ಗ್ರೀಕ್ ಶಿಲ್ಪದ ಸರಳತೆ, ಗಾಂಭೀರ್ಯಗಳನ್ನು ಎಲ್ಲ ಕಲೆಗೂ ಅಳತೆಗೋಲಾಗಿ ನಿಲ್ಲಿಸಿತು. ವಿಂಕೆಲ್‌ಮನ್ ಗ್ರೀಸಿಗೆ ಒಮ್ಮೆಯೂ ಹೋಗಲಿಲ್ಲ. ಅವನು ಕಂಡದ್ದು ರೋಮಿನಲ್ಲಿದ್ದ ಶಿಲ್ಪಗಳನ್ನು, ಬಹುಪಾಲು ರೋಮನ್ ಕಾಲದ ನಕಲುಗಳನ್ನು. ಮಳೆಗಾಳಿಗೆ ಬಣ್ಣ ಕಳೆದುಕೊಂಡ ಕಲ್ಲಿನ ಬಿಳುಪು ನೋಡನೋಡುತ್ತ ಒಂದು ಆದರ್ಶವಾಯಿತು.

ಗ್ರೀಕ್ ಗುಡಿಗಳಿಗೆ ನೀಲಿ, ಕೆಂಪು, ಹೊನ್ನಿನ ಬಣ್ಣಗಳಿದ್ದವು. ಇದು ಇತ್ತೀಚಿನ ಶೋಧವೇನಲ್ಲ. ಇಲಿಸೋಸ್ ಗುಡಿಯ ಬಣ್ಣದ ಚಿತ್ತಾರವನ್ನು ಸ್ಟುವರ್ಟ್ ಮತ್ತು ರೆವೆಟರೇ ದಾಖಲಿಸಿದ್ದರು. 1834ರಲ್ಲಿ ಗಾಟ್‌ಫ್ರೀಡ್ ಸೆಂಪರ್ ಈ ಬಗ್ಗೆ ಒಂದು ಹೊತ್ತಗೆಯನ್ನೇ ಬರೆದ. ಆದರೂ 1937-38ರಲ್ಲಿ ಲಂಡನ್ನಿನಲ್ಲಿ ಪಾರ್ಥೆನಾನ್ ಶಿಲ್ಪಗಳನ್ನು ಹೊಸ ಗ್ಯಾಲರಿಗೆ ಅಣಿಮಾಡುವಾಗ, ಅವು ಇನ್ನಷ್ಟು ಬೆಳ್ಳಗಾಗಲೆಂದು ಲೋಹದ ಸಲಕರಣೆಗಳಿಂದ ಮೇಲ್ಮೈಯನ್ನು ಕೆರೆದರು. ಕಾಲ ಮೂಡಿಸಿದ್ದ ಕಂದುಪದರ ಅದರೊಂದಿಗೆ ಹೋಯಿತು. 2009ರಲ್ಲಿ ಅದೇ ಮ್ಯೂಸಿಯಂನಲ್ಲಿ ವಿಶೇಷ ಬೆಳಕು ಹಾಯಿಸಿ ನೋಡಿದಾಗ ಅದೇ ಶಿಲ್ಪಗಳ ಮೇಲೆ ಈಜಿಪ್ಟಿನ ನೀಲಿ ಎಂಬ ಬಣ್ಣದ ಕಣಗಳು ಹೊಳೆದವು. ಅಳಿದುಳಿದ ಒಂದು ಪಾಠಾಂತರ ಅದು.

ಸಂಪಾದನೆಯ ದೊಡ್ಡ ಹೆಜ್ಜೆಯೂ ಬಿದ್ದದ್ದು 1834ರಲ್ಲೇ. ಗ್ರೀಸ್ ಆಗಷ್ಟೇ ಸ್ವತಂತ್ರ ರಾಜ್ಯವಾಗಿತ್ತು. ಬವೇರಿಯಾದ ಹುಡುಗ ಒಟ್ಟೊ ಅದರ ದೊರೆ. ಆ ವರ್ಷ ಆಕ್ರೊಪೊಲಿಸ್ ಮೇಲೆ ಒಂದು ಸಮಾರಂಭ ನಡೆಯಿತು. ದೊರೆಯ ಸಮ್ಮುಖದಲ್ಲಿ ವಾಸ್ತುಶಿಲ್ಪಿ ಲಿಯೋ ಫಾನ್ ಕ್ಲೆಂಜೆ, ಅನಾಗರಿಕ ಕಾಲದ ಗುರುತುಗಳನ್ನು ಇಲ್ಲಿಂದ ತೆಗೆದುಹಾಕಲಾಗುವುದು ಎಂಬ ಅರ್ಥದ ಭಾಷಣ ಮಾಡಿದ. ಅನಾಗರಿಕ ಎಂದದ್ದು ಹತ್ತಿರ ಹತ್ತಿರ ಎರಡು ಸಾವಿರ ವರ್ಷಗಳ ಬದುಕನ್ನು. ಮುಂದಿನ ವರ್ಷಗಳಲ್ಲಿ ಗುಡ್ಡದ ಮೇಲಿನ ಮನೆಗಳು ಹೋದವು. 1840ರ ದಶಕದಲ್ಲಿ ಪಾರ್ಥೆನಾನ್ ಒಳಗಿನ ಪುಟ್ಟ ಮಸೀದಿ ಹೋಯಿತು. 1875ರಲ್ಲಿ, ಟ್ರಾಯ್ ಅಗೆದು ಹೆಸರಾದ ಹೈನ್‌ರಿಕ್ ಶ್ಲೀಮನ್ ಕೊಟ್ಟ ಹಣದಿಂದ, ಹೆಬ್ಬಾಗಿಲ ಬಳಿ ಮಧ್ಯಯುಗದಲ್ಲಿ ಎದ್ದಿದ್ದ ಎತ್ತರದ ಕಾವಲುಗೋಪುರವನ್ನು ಕೆಡವಿದರು. 1885ರಿಂದ 1890ರವರೆಗೆ ನಡೆದ ಉತ್ಖನನ ಮೂಲಬಂಡೆಯವರೆಗೂ ಇಳಿಯಿತು. ನಮ್ಮ ಪುಸ್ತಕಗಳ ಆ ಬೋಳು ಬಂಡೆ ಕಣ್ಣಿಗೆ ಬಿದ್ದದ್ದು ಆಗ.

ಸಂಪಾದಕರ ಪರವಾಗಿ ಹೇಳಬೇಕಾದ ಮಾತೂ ಇದೆ, ಮತ್ತು ಅದು ಸಣ್ಣದಲ್ಲ. ಹೆಬ್ಬಾಗಿಲ ಪಕ್ಕದ ತುರ್ಕರ ಕೊತ್ತಳವನ್ನು 1835ರಲ್ಲಿ ಲುಡ್ವಿಗ್ ರಾಸ್ ಮತ್ತು ಜೊತೆಗಾರರು ಬಿಚ್ಚಿದಾಗ ಅದರ ಗೋಡೆಯೊಳಗೆ ಜಯದೇವತೆ ನೈಕಿಯ ಗುಡಿಯ ಕಲ್ಲುಗಳು ಸಿಕ್ಕವು. ಅವನ್ನು ಜೋಡಿಸಿ ಗುಡಿಯನ್ನು ಮತ್ತೆ ನಿಲ್ಲಿಸಿದರು. ಕೊತ್ತಳ ಉಳಿದಿದ್ದರೆ ನೈಕಿಯ ಗುಡಿ ಇರುತ್ತಿರಲಿಲ್ಲ. ಎರಡನ್ನೂ ಉಳಿಸಿಕೊಳ್ಳುವ ದಾರಿ ಅಲ್ಲಿರಲಿಲ್ಲ, ಏಕೆಂದರೆ ಒಂದೇ ಕಲ್ಲು ಎರಡೂ ಪಾಠಗಳ ಅಕ್ಷರವಾಗಿತ್ತು. ಹಳೆಯ ಓಲೆಯನ್ನು ಒರೆಸಿ ಹೊಸದನ್ನು ಬರೆದಿದ್ದಾಗ ಯಾವುದನ್ನು ಓದಬೇಕು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಪದರಗಳೆಲ್ಲ ಪವಿತ್ರ, ಏನನ್ನೂ ಮುಟ್ಟಬಾರದು ಎಂಬ ಇಂದಿನ ಕೆಲವು ವಿಮರ್ಶಕರ ವಾದ ನೈಕಿಯ ಗುಡಿಯೆದುರು ನಿಲ್ಲುವುದಿಲ್ಲ.

ಅಳತೆಯ ಶ್ರದ್ಧೆಯೂ ಹಾಗೆಯೇ. 1846-47ರಲ್ಲಿ ಫ್ರಾನ್ಸಿಸ್ ಪೆನ್‌ರೋಸ್ ಪಾರ್ಥೆನಾನನ್ನು ಹಿಂದೆ ಯಾರೂ ಅಳೆಯದಷ್ಟು ಸೂಕ್ಷ್ಮವಾಗಿ ಅಳೆದು 1851ರಲ್ಲಿ ಫಲಿತಾಂಶ ಪ್ರಕಟಿಸಿದ. ಸುಮಾರು 69.5 ಮೀಟರ್ ಉದ್ದದ ಜಗತಿ ನಡುವೆ ಸುಮಾರು 11 ಸೆಂಟಿಮೀಟರ್ ಉಬ್ಬಿದೆ. ಕಂಬಗಳು ತುಸು ಒಳಕ್ಕೆ ವಾಲಿವೆ. ಮೂಲೆಯ ಕಂಬಗಳು ಉಳಿದವಕ್ಕಿಂತ ದಪ್ಪ. ನೇರ ಎಂದು ನಾವು ಮೆಚ್ಚುವ ಗೆರೆಗಳಲ್ಲಿ ನಿಜಕ್ಕೂ ನೇರವಾದದ್ದು ಬಹಳ ಕಡಿಮೆ. ಜಗತಿಯನ್ನು ಸಮತಟ್ಟಾಗಿ ಕಟ್ಟಿದರೆ ಕಣ್ಣಿಗೆ ನಡುವೆ ಕುಸಿದಂತೆ ಕಾಣುತ್ತದೆ ಎಂದು ವಿಟ್ರುವಿಯಸ್ ಬರೆದಿದ್ದ ಮಾತಿಗೆ ಹದಿನೆಂಟು ಶತಮಾನಗಳ ನಂತರ ಕಲ್ಲಿನ ಸಾಕ್ಷಿ ಸಿಕ್ಕಿತು. ಒಂದು ಕಾಗುಣಿತವನ್ನೂ ಬಿಡದೆ ಓದುವ ಸಂಪಾದಕನಿಗೆ ಮಾತ್ರ ದಕ್ಕುವ ಫಲವಿದು.

ಹಾಗಾದರೆ ನನ್ನ ತಕರಾರು ಏನು? ಆಯ್ಕೆ ಮಾಡಿದ್ದರ ಬಗ್ಗೆ ತಕರಾರಿಲ್ಲ. ಆಯ್ಕೆಯ ಗುರುತನ್ನೇ ಅಳಿಸಿದ್ದರ ಬಗ್ಗೆ ಇದೆ. ಕಾಗದದ ಮೇಲೆ ಬಿಟ್ಟ ಪಾಠ ಅಡಿಟಿಪ್ಪಣಿಗೆ ಇಳಿಯುತ್ತದೆ. ಕಲ್ಲಿನಲ್ಲಿ ಬಿಟ್ಟ ಪಾಠ ಇಲ್ಲವಾಗುತ್ತದೆ. ಕಾವಲುಗೋಪುರದ ಕೆಲವು ಹಳೆಯ ಫೋಟೊಗಳಿವೆ, ಮಸೀದಿಯ ಕೆಲವು ಚಿತ್ರಗಳಿವೆ, ಅಷ್ಟೆ. ಇನ್ನೂ ದೊಡ್ಡ ನಷ್ಟ ಓದುಗನದು. ತನ್ನ ಮುಂದಿರುವುದು ಒಂದು ಆವೃತ್ತಿ ಎಂಬ ಅರಿವೇ ಅವನಿಗೆ ಉಳಿಯಲಿಲ್ಲ. ಸಂಪಾದಕರು ತಮ್ಮ ಹೆಸರನ್ನು ಮುಖಪುಟದಿಂದ ತೆಗೆದು ಮೂಲ ಕವಿಯ ಹೆಸರೊಂದನ್ನೇ ಬಿಟ್ಟಂತಾಯಿತು.

ಗ್ರೀಕ್ ವಾಸ್ತುವಿನ ಪ್ರಭಾವ ಎಂದು ನಾವು ಕರೆಯುವುದನ್ನು ಈ ಬೆಳಕಿನಲ್ಲಿ ನೋಡಬೇಕು. ಆ ಪ್ರಭಾವ ಕಟ್ಟಡಗಳಿಂದ ಹರಿದದ್ದಕ್ಕಿಂತ ಹೆಚ್ಚಾಗಿ ಪುಸ್ತಕದ ಫಲಕಗಳಿಂದ ಹರಿಯಿತು. ಕಲ್ಕತ್ತೆಯ ಸ್ಟ್ರ್ಯಾಂಡ್ ರಸ್ತೆಯಲ್ಲಿ 1820ರ ದಶಕದಲ್ಲಿ ಕಟ್ಟತೊಡಗಿದ ಟಂಕಸಾಲೆಯ ಮುಖಮಂಟಪ ಪಾರ್ಥೆನಾನಿನ ಅರ್ಧ ಅಳತೆಯ ನಕಲು ಎಂದೇ ಹೆಸರಾಗಿದೆ. 1840ರ ದಶಕದಲ್ಲಿ ಎದ್ದ ಮೆಟ್‌ಕಾಫ್ ಹಾಲಿನ ಕಂಬಗಳ ಮಾದರಿ ಅಥೆನ್ಸಿನ ಗಾಳಿಗೋಪುರ. ಕಲ್ಕತ್ತೆಯ ಸಾರ್ವಜನಿಕ ಗ್ರಂಥಾಲಯ ಇದ್ದದ್ದು ಅದರಲ್ಲೇ. ದರ್ವೇಶಿಗಳು ಕುಣಿಯುತ್ತಿದ್ದ ಕಟ್ಟಡದ ಕಂಬ ಹೂಗ್ಲಿಯ ದಡಕ್ಕೆ ಬಂತು, ದರ್ವೇಶಿಗಳು ಬರಲಿಲ್ಲ. ಪಾರ್ಥೆನಾನಿನ ಉಬ್ಬೂ ಬರಲಿಲ್ಲ, ಏಕೆಂದರೆ ಸ್ಟುವರ್ಟ್ ಮತ್ತು ರೆವೆಟ್ ಅದನ್ನು ಗುರುತಿಸಿರಲಿಲ್ಲ, ಪೆನ್‌ರೋಸ್ ಇನ್ನೂ ಅಳೆದಿರಲಿಲ್ಲ. ಬಣ್ಣವಂತೂ ಬರುವ ಮಾತೇ ಇರಲಿಲ್ಲ. ಆಳುವವರಿಗೆ ಬೇಕಿದ್ದದ್ದು ಅಧಿಕಾರಕ್ಕೆ ಒಪ್ಪುವ ನೆಟ್ಟನೆಯ ಗೆರೆ. ಸಂಪಾದಿತ ಪಾಠ ಅದನ್ನು ಅಣಿಮಾಡಿಟ್ಟಿತ್ತು.

ನಮ್ಮ ಬೆಂಗಳೂರಿನ ಅಠಾರಾ ಕಚೇರಿ ಈ ವಂಶದ ದೂರದ ಕುಡಿ. 1868ರಲ್ಲಿ ಸಿದ್ಧವಾದ, ಇಂದು ಹೈಕೋರ್ಟ್ ಇರುವ ಆ ಕಟ್ಟಡಕ್ಕೆ ಅಯೋನಿಕ್ ಕಂಬಗಳ ಮುಖಮಂಟಪಗಳಿವೆ, ಮೈಗೆ ಕೆಂಪು ಬಣ್ಣವಿದೆ. ಅದರ ಎದುರಿಗೆ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ 1956ರಲ್ಲಿ ಪೂರ್ಣವಾಯಿತು. ಪರದೇಶದ ಮಾದರಿಗೆ ನಮ್ಮ ದೇವಾಲಯ ಶೈಲಿಯ ಉತ್ತರ ಅದು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಪ್ರಸ್ತಾವ ಬಂದಿತ್ತು, ಜನರ ವಿರೋಧದಿಂದಾಗಿ ಅದು ಉಳಿಯಿತು. ಕೆಡವಿದ್ದರೆ ಕ್ಲೆಂಜೆ ಆಕ್ರೊಪೊಲಿಸ್ ಮೇಲೆ ಹೇಳಿದ್ದನ್ನೇ ನಾವೂ ಮಾಡಿದಂತಾಗುತ್ತಿತ್ತು. ಈಗ ರಸ್ತೆಯ ಎರಡು ಬದಿಗೆ ಎರಡೂ ಪಾಠಗಳಿವೆ. ಯಾವುದು ಹೆಚ್ಚು ಎಂದು ವಾದಿಸಲು ಎರಡೂ ಕಣ್ಣೆದುರಿಗಿವೆ.

ಕನ್ನಡ ಸಾಹಿತ್ಯ ಗ್ರೀಕರನ್ನು ಬರಮಾಡಿಕೊಂಡ ಬಗೆ ಬೇರೆಯದೇ. ಬಿ.ಎಂ.ಶ್ರೀಯವರು ಸೊಫೊಕ್ಲೀಸನ ಅಜಾಕ್ಸ್ ನಾಟಕವನ್ನು ಆಧರಿಸಿ 'ಅಶ್ವತ್ಥಾಮನ್' ಬರೆದಾಗ ಮೂಲದ ಕಥೆಯ ಮೇಲೆ ಮಹಾಭಾರತದ ಕಥೆಯನ್ನು ಕೂರಿಸಿದರು. ಅದು ಗುಡಿಯನ್ನು ಇಗರ್ಜಿ ಮಾಡಿಕೊಂಡವರ ರೀತಿ. ಕಂಬ ಹಳೆಯದು, ಪೂಜೆ ಹೊಸದು. ಈಸ್ಕಿಲಸನ ನಾಟಕವನ್ನು ಅವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಅದರ ಮೂಲ ರಂಗಕ್ಕೆ ಬಂದದ್ದು ಕ್ರಿ.ಪೂ. 472ರಲ್ಲಿ, ಆಕ್ರೊಪೊಲಿಸ್‌ನ ದಕ್ಷಿಣದ ಇಳಿಜಾರಿನಲ್ಲಿ. ಅದಕ್ಕೆ ಎಂಟು ವರ್ಷ ಮೊದಲು ಪರ್ಷಿಯನ್ನರು ಆ ಗುಡ್ಡದ ಮೇಲಿನ ಗುಡಿಗಳನ್ನೆಲ್ಲ ಸುಟ್ಟಿದ್ದರು. ಪಾರ್ಥೆನಾನ್ ಇನ್ನೂ ಹುಟ್ಟಿರಲಿಲ್ಲ. ಸುಟ್ಟ ಗುಡಿಗಳ ಕೆಳಗೆ ಕೂತು ಅಥೆನ್ಸಿನ ಜನ ತಮ್ಮ ವೈರಿಯ ತಾಯಿಯ ಸಂಕಟವನ್ನು ರಂಗದ ಮೇಲೆ ನೋಡಿದರು. ಹಾಳಾದ ಹಳೆಯ ಗುಡಿಯ ಕಂಬದ ಉರುಳೆಗಳನ್ನು ಅವರು ಗುಡ್ಡದ ಉತ್ತರದ ಗೋಡೆಯಲ್ಲಿ, ಊರಿನವರ ಕಣ್ಣಿಗೆ ಬೀಳುವಂತೆ ಕಟ್ಟಿ ಉಳಿಸಿಕೊಂಡರು. ಅವು ಇಂದಿಗೂ ಅಲ್ಲಿವೆ. ತಮ್ಮ ಗಾಯದ ಅಡಿಟಿಪ್ಪಣಿಯನ್ನು ಪ್ರಾಚೀನ ಗ್ರೀಕರು ಅಳಿಸಿರಲಿಲ್ಲ. ಅಳಿಸುವ ಚಟ ಅವರ ಅಭಿಮಾನಿಗಳಿಗೆ ಆಮೇಲೆ ಅಂಟಿದ್ದು.

ಇತ್ತೀಚಿನ ದಶಕಗಳ ಕೆಲಸದಲ್ಲಿ ಬದಲಾವಣೆಯಿದೆ. 1898ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಜೀರ್ಣೋದ್ಧಾರ ನಡೆಸಿದ ನಿಕೊಲಾಸ್ ಬಲಾನೋಸ್ ಅನೇಕ ಕಲ್ಲುಗಳನ್ನು ಅವುಗಳದ್ದಲ್ಲದ ಜಾಗದಲ್ಲಿ ಕೂರಿಸಿ ಕಬ್ಬಿಣದ ಪಟ್ಟಿಗಳಿಂದ ಬಿಗಿದಿದ್ದ. ಪ್ರಾಚೀನರು ಕಬ್ಬಿಣಕ್ಕೆ ಸೀಸದ ಹೊದಿಕೆ ಹಾಕುತ್ತಿದ್ದರು, ಬಲಾನೋಸ್ ಹಾಕಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಸೀಳಿತು. 1975ರಲ್ಲಿ ನೇಮಕವಾದ ಸಮಿತಿಯ ನೇತೃತ್ವದಲ್ಲಿ ಆ ಕಲ್ಲುಗಳನ್ನು ಬಿಚ್ಚಿ, ಸರಿಯಾದ ಜಾಗ ಹುಡುಕಿ, ಟೈಟೇನಿಯಂನಿಂದ ಜೋಡಿಸುತ್ತಿದ್ದಾರೆ. ತುಂಬಲು ಬಳಸುವ ಹೊಸ ಕಲ್ಲು ಅದೇ ಪೆಂಟೆಲಿ ಬೆಟ್ಟದ್ದು. ಅದರ ಬಿಳುಪಿನಿಂದಲೇ ಅದು ಹೊಸದೆಂದು ತಿಳಿಯುತ್ತದೆ. ನಾಳೆ ಬೇಡವೆಂದರೆ ತೆಗೆಯಬಹುದು. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು, ಎಲ್ಲ ಕಾಲದ ಕೊಡುಗೆಯನ್ನೂ ಗೌರವಿಸಬೇಕು ಎಂದು 1964ರ ವೆನಿಸ್ ಸನ್ನದು ಹೇಳಿದ್ದು ನಮ್ಮ ಸಂಪಾದನಾಶಾಸ್ತ್ರದ ಮಾತಿನಂತೆಯೇ ಕೇಳಿಸುತ್ತದೆ.

ಗುಡ್ಡದ ಬುಡದಲ್ಲಿ 2009ರಲ್ಲಿ ತೆರೆದ ಹೊಸ ಆಕ್ರೊಪೊಲಿಸ್ ಮ್ಯೂಸಿಯಂನ ಮೇಲಂತಸ್ತಿನಲ್ಲಿ ಪಾರ್ಥೆನಾನ್ ಶಿಲ್ಪಗಳನ್ನು ಅವುಗಳ ಮೂಲ ಕ್ರಮದಲ್ಲಿ ಇಟ್ಟಿದ್ದಾರೆ. ಅಲ್ಲಿರುವ ಮೂಲ ಕಲ್ಲು ಕಂದು, ಲಂಡನ್ ಮೊದಲಾದೆಡೆ ಇರುವುದರ ಗಾರೆಯ ಅಚ್ಚುಗಳು ಬಿಳಿ. ಬಿಳಿ ಎಂದರೆ ಇಲ್ಲದಿರುವುದು ಎಂಬ ಅರ್ಥ ಅಲ್ಲಿ ತಾನಾಗಿ ಹುಟ್ಟುತ್ತದೆ. ಅದೇ ಕಟ್ಟಡದ ಕೆಳಗೆ, ಗಾಜಿನ ನೆಲದಡಿ, ಅಡಿಪಾಯ ತೋಡುವಾಗ ಸಿಕ್ಕ ಒಂದು ಹಳೆಯ ಕೇರಿಯಿದೆ. ಬೈಜಾಂಟಿಯಂ ಕಾಲದವರೆಗೂ ಜನ ಬದುಕಿದ ಮನೆ, ಬಾವಿ, ಓಣಿಗಳು ಅಲ್ಲಿವೆ. ಗುಡ್ಡದ ಮೇಲೆ ಅಳಿಸಿದ ಬಗೆಯದನ್ನು ಗುಡ್ಡದ ಕೆಳಗೆ ಈ ಸಲ ಉಳಿಸಿಕೊಂಡಿದ್ದಾರೆ.

ಹಳಗನ್ನಡ ಕಾವ್ಯವನ್ನೋ ವಚನವನ್ನೋ ಮುದ್ರಿತ ಪುಸ್ತಕದಲ್ಲಿ ಓದುವಾಗ ನಾವು ಸಾಮಾನ್ಯವಾಗಿ ಪುಟದ ಮೇಲ್ಭಾಗವನ್ನಷ್ಟೇ ಓದುತ್ತೇವೆ. ಕೆಳಗೆ ಸಣ್ಣ ಅಕ್ಷರದಲ್ಲಿರುವ ಪಾಠಾಂತರಗಳು ಪರೀಕ್ಷೆಗೆ ಬರುವುದಿಲ್ಲ. ಎಷ್ಟೋ ಜನಪ್ರಿಯ ಆವೃತ್ತಿಗಳು ಅವನ್ನು ಅಚ್ಚು ಮಾಡುವುದನ್ನೇ ಬಿಟ್ಟಿವೆ, ಪುಟ ಉಳಿಯಿತೆಂದು ನಾವೂ ಒಪ್ಪಿಕೊಂಡಿದ್ದೇವೆ. ಆಕ್ರೊಪೊಲಿಸ್‌ನ ಆ ಬೋಳು ಬಂಡೆ ನನಗೆ ಅಂಥದೊಂದು ಪುಟದಂತೆ ಕಾಣುತ್ತದೆ. ಓದಲು ಬಲು ಚೆಂದ. ಆದರೆ ಆ ಚೆಂದಕ್ಕಾಗಿ ಯಾರ ಪಾಠವನ್ನು ಕೈಬಿಟ್ಟರು ಎಂದು ಆ ಪುಟದಿಂದ ತಿಳಿಯುವುದಿಲ್ಲ.